ಕೆರೆಯೋ, ತೂಬೋ?



ಸಖರಾಯಪಟ್ಟಣದಲ್ಲಿ ನಾನು ಇಂಗ್ಲಿಷ್ ಮೇಷ್ಟರಾಗಿದ್ದಾಗ ಮಾಡಿದ ಒಂದು ತಪ್ಪನ್ನು ಇಂದು ಒಪ್ಪಿಕೊಳ್ಳಬೇಕೆನಿಸಿದೆ.

1978ರ ಮಳೆಗಾಲ. ಅಯ್ಯನಕೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಎಂಟನೆಯ ತರಗತಿಯ ಕರಿಹಲಗೆಯ ಮೇಲೆ, ‘ದಿ ಸ್ಲೂಯಿಸಸ್ ಆಫ್ ದಿ ಓಲ್ಡ್ ಟ್ಯಾಂಕ್ ಆರ್ ಓಪನ್’ ಎಂದು ಬರೆದೆ. ‘ಆರ್’ ಎಂಬುದಕ್ಕೆ ಮುಂಚಿನದೆಲ್ಲ ಪೂರ್ಣ ಕರ್ತೃಭಾಗ. ಅದರೊಳಗಿನ ಮೂಲ ಕರ್ತೃಪದ ಯಾವುದು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ‘ಟ್ಯಾಂಕ್’ ಎಂದ. ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿದೆ. ಆತ ತಗ್ಗಿದ ದನಿಯಲ್ಲಿ, “ಕೊನೆಗೆ ಬರೋದೇ ಮುಖ್ಯ ಅಲ್ವಾ ಸಾರ್?” ಎಂದ. ಅದನ್ನು ಉದ್ಧಟತನವೆಂದು ಭಾವಿಸಿದೆ.

ವಾಕ್ಯವನ್ನು ಹೀಗೆ ಬಿಡಿಸಿ ನೋಡುವ ಕ್ರಮವು ಶಾಲೆಗಳಲ್ಲಿ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕದ ಅಲೊಂಜೊ ರೀಡ್ ಮತ್ತು ಬ್ರೈನರ್ಡ್ ಕೆಲಾಗ್ ಎಂಬ ಇಬ್ಬರು ಅಧ್ಯಾಪಕರು 1877ರ ತಮ್ಮ ಪುಸ್ತಕದಲ್ಲಿ ವಾಕ್ಯವನ್ನು ಗೆರೆಗಳ ಮೇಲೆ ಚಿತ್ರದಂತೆ ಹರಡಿ ತೋರಿಸಿದರು. ನಮ್ಮ ದೇಶಕ್ಕೆ ಇದು ನೆಸ್‌ಫೀಲ್ಡ್, ಆಮೇಲೆ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣಗಳ ಮೂಲಕ ಬಂದಿತು. ಅಲ್ಲಿ ಮೂಲ ಕರ್ತೃಪದಕ್ಕೆ ಅಂಟಿದ ವಿಶೇಷಣಗಳಿಗೆ ‘ಎನ್‌ಲಾರ್ಜ್‌ಮೆಂಟ್’ ಎಂಬ ಹೆಸರು. ನಾನೂ ಅದನ್ನೇ ಉರು ಹೊಡೆದು ಮಕ್ಕಳಿಗೆ ಒಪ್ಪಿಸುತ್ತಿದ್ದೆ.

ಹುಡುಗನ ಮಾತಿನ ಹುರುಳು ತಿಳಿದದ್ದು ಬಹಳ ವರ್ಷಗಳ ಅನಂತರ. ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: ‘ಹಳೆಯ ಕೆರೆಯ ತೂಬುಗಳು ತೆರೆದಿವೆ.’ ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ ನಡೆಯುತ್ತವೆ. ಯಜಮಾನನಾದ ನಾಮಪದ ಮೆರವಣಿಗೆಯ ದೇವರಂತೆ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಾದರೋ ‘ಓಲ್ಡ್’ನಂತಹ ಪದ ಮುಂದಿದ್ದರೂ ‘ಆಫ್’ ಮೊದಲಾದವುಗಳಿಂದ ಆರಂಭವಾಗುವ ಪದಗುಚ್ಛ ಯಜಮಾನನ ಬೆನ್ನ ಹಿಂದೆ ನಿಲ್ಲುತ್ತದೆ. ಹುಡುಗ ತಾಯ್ನುಡಿಯ ನಿಯಮವನ್ನು ಸರಿಯಾಗಿಯೇ ಬಲ್ಲವನಾಗಿದ್ದ. ಎರಡು ಭಾಷೆಗಳ ನಡೆ ಬೇರೆ ಎಂದು ಹೇಳಬೇಕಾದವನು ನಾನು; ಹೇಳಲಿಲ್ಲ. ‘ಟ್ಯಾಂಕ್’ ಮುಖ್ಯವೆಂದುಕೊಂಡವನು ‘ಆರ್’ ಬದಲು ‘ಈಸ್’ ಎಂದು ಬರೆಯುವುದು ಸಹಜ. ಎಷ್ಟೋ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಆ ‘ಈಸ್’ಗೆ ನಾನು ಕೆಂಪು ಗೆರೆ ಎಳೆದು ಅಂಕ ಕಳೆದೆನೇ ಹೊರತು, ಅದರ ಮೂಲವನ್ನು ಹುಡುಕಲಿಲ್ಲ.

ಆಮೇಲಿನ ವರ್ಷಗಳಲ್ಲಿ ಪಾಠದ ಕ್ರಮವನ್ನು ಬದಲಿಸಿದೆ. ಮೊದಲು ಕ್ರಿಯಾಪದವನ್ನು ಗುರುತಿಸಿ, ‘ಯಾರು? ಯಾವುದು?’ ಎಂದು ಕೇಳುವುದು, ದೊರೆತ ಪೂರ್ಣ ಉತ್ತರದಿಂದ ‘ಆಫ್’, ‘ಇನ್’, ‘ನಿಯರ್’ಗಳ ಗುಚ್ಛವನ್ನು ಬೆರಳಿನಿಂದ ಮುಚ್ಚುವುದು, ಅನಂತರ ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ, ಕೊನೆಗೆ ಬರುವ ನಾಮಪದದೊಡನೆ ಹೋಲಿಸಿ ನೋಡುವುದು. ಮಕ್ಕಳು ಬೇಗನೆ ಹಿಡಿದುಕೊಂಡರು.

ಅಂದು ಬೆಂಚಿನ ಮೇಲೆ ನಿಂತವನು ಈಗ ಐವತ್ತು ದಾಟಿರಬೇಕು. ಈ ಬರಹ ಅವನ ಕಣ್ಣಿಗೆ ಬಿದ್ದರೆ ತಿಳಿಯಲಿ: ಮಗೂ, ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಕೊಡಲು ನಿನ್ನ ಮೇಷ್ಟರಿಗೆ ಬಹುಕಾಲ ಹಿಡಿಯಿತು.