ಗಾಯಾಳುವಿನ ಪರಿಹಾರ ನಿರ್ಣಯ (ಮೋಟಾರು ವಾಹನಾಪಘಾತ)

ಮೋಟಾರು ವಾಹನದ ಅಪಘಾತಕ್ಕೀಡಾಗಿ ಬದುಕುಳಿದವನ ದೇಹಕ್ಕೂ ದುಡಿಮೆಗೂ ಒದಗಿದ ಹಾನಿಯನ್ನು ಹಣದ ಮಾನದಿಂದ ಅಳೆದು, ಅದರ ಭಾರವನ್ನು ಚಾಲಕ, ಮಾಲೀಕ ಹಾಗೂ ವಿಮಾ ಕಂಪನಿಯ ಮೇಲೆ ಹೊರಿಸುವ ನ್ಯಾಯಿಕ ವಿಧಾನ. 1988ರ ಮೋಟಾರು ವಾಹನಗಳ ಅಧಿನಿಯಮದ 166ನೆಯ ಕಲಮಿನನ್ವಯ ಗಾಯಾಳು ಅರ್ಜಿ ಸಲ್ಲಿಸತಕ್ಕದ್ದು. ನ್ಯಾಯಯುತವೆಂದು ತೋರಿದ ಮೊತ್ತವನ್ನು ಗೊತ್ತುಮಾಡುವ ಅಧಿಕಾರವನ್ನು 168ನೆಯ ಕಲಮು ಇಂಥ ಅರ್ಜಿಗಳನ್ನು ವಿಚಾರಿಸುವ ನ್ಯಾಯಾಧಿಕರಣಕ್ಕೆ ಕೊಟ್ಟಿದೆ.

ಅಪಘಾತ ಎಲ್ಲಿಯೇ ನಡೆದಿರಲಿ, ಗಾಯಾಳು ತಾನು ವಾಸಿಸುವ ಸ್ಥಳದ ನ್ಯಾಯಾಧಿಕರಣವನ್ನೇ ಆಶ್ರಯಿಸಬಹುದು. ಉದಾಹರಣೆಗೆ, ದಾವಣಗೆರೆ ಜಿಲ್ಲೆಯ ಹೊನ್ನಾಳಿ, ಚನ್ನಗಿರಿಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳೇ ಹೆಚ್ಚುವರಿ ನ್ಯಾಯಾಧಿಕರಣಗಳಾಗಿ ಈ ಅರ್ಜಿಗಳನ್ನು ವಿಚಾರಿಸುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಶಿವಮೊಗ್ಗದಿಂದ ಬಂದು ಸೇರಿದ ಇವೆರಡರಲ್ಲಿಯೂ, ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯಲ್ಲಿಯೂ, ಚಿತ್ರದುರ್ಗದಿಂದ ಬಂದ ಬಯಲುಸೀಮೆಯ ಜಗಳೂರಿನಲ್ಲಿಯೂ ಬಹುಜನರ ಜೀವನೋಪಾಯ ಬೇಸಾಯವೇ ಆದುದರಿಂದ, ಸಂಬಳದ ಚೀಟಿಯಿಲ್ಲದವನ ಕೈಕಾಲಿನ ಬೆಲೆಯನ್ನು ಕಟ್ಟುವುದು ಹೇಗೆಂಬ ಪ್ರಶ್ನೆ ಇಲ್ಲಿ ಪದೇಪದೇ ತಲೆದೋರುತ್ತದೆ.

ಪರಿಹಾರದ ಬಾಬುಗಳು ಎರಡು ಬಗೆಯವು. ಆಸ್ಪತ್ರೆ, ಔಷಧಿ, ಓಡಾಟ ಹಾಗೂ ಪೌಷ್ಟಿಕ ಆಹಾರದ ವೆಚ್ಚ, ಹಾಸಿಗೆ ಹಿಡಿದ ತಿಂಗಳುಗಳ ಆದಾಯ, ಶಾಶ್ವತ ವೈಕಲ್ಯದಿಂದ ಮುಂದೆ ತಪ್ಪಿಹೋಗುವ ಗಳಿಕೆ, ಮುಂದಣ ಚಿಕಿತ್ಸೆ ಇವು ಲೆಕ್ಕಕ್ಕೆ ಸಿಗುವಂಥವು. ನೋವು, ಯಾತನೆ, ಬದುಕಿನ ಸುಖಸೌಕರ್ಯಗಳ ಹಾಗೂ ವಿವಾಹಾವಕಾಶದ ನಷ್ಟ, ಆಯುಃಕ್ಷಯ ಇವು ಅಂದಾಜಿಗೆ ಬಿಟ್ಟಂಥವು. ಸಾಮಾನ್ಯ ಗಾಯಗಳಿಗೆ ವೆಚ್ಚ, ವಿಶ್ರಾಂತಿಕಾಲದ ಆದಾಯ ಹಾಗೂ ನೋವಿನ ಬಾಬುಗಳಷ್ಟೇ ಸಲ್ಲುತ್ತವೆ. ವಿವಾದವೆಲ್ಲ ಮುಂದಣ ಗಳಿಕೆಯನ್ನು ಕುರಿತದ್ದು.

ಈ ವಿವಾದಕ್ಕೆ ದಾರಿ ತೋರಿದ್ದು, 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪು. ಅದನ್ನು ಬರೆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ವೈದ್ಯನು ಬರೆದುಕೊಟ್ಟ ಅಂಗವೈಕಲ್ಯದ ಶೇಕಡಾ ಪ್ರಮಾಣವೂ ಗಳಿಕೆಯ ನಷ್ಟದ ಪ್ರಮಾಣವೂ ಒಂದೇ ಅಲ್ಲವೆಂಬುದು ಆ ತೀರ್ಪಿನ ತಿರುಳು: ಗಾಯಾಳು ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ, ಹಳೆಯ ಕಸುಬು ಸಾಧ್ಯವಿಲ್ಲದಿದ್ದರೆ ಬೇರೊಂದರಿಂದ ಬದುಕಬಲ್ಲನೆ ಎಂಬುದನ್ನು ವಿಚಾರಿಸಿಯೇ ನ್ಯಾಯಾಧೀಶನು ನಷ್ಟವನ್ನು ನಿಶ್ಚಯಿಸಬೇಕು. ಎಡಗೈ ಹೋದ ಬಡಗಿಗೆ ಕಸುಬೇ ಹೋಯಿತು. ಅದೇ ಕೈ ಹೋದ ಸರ್ಕಾರಿ ಗುಮಾಸ್ತನ ನೌಕರಿ ಉಳಿದೀತು.

ಹೀಗಿದ್ದರೂ, ಒಂದು ಅವಯವದ ವೈಕಲ್ಯದ ಮೂರನೆಯ ಒಂದು ಭಾಗವನ್ನು ಇಡೀ ದೇಹದ ವೈಕಲ್ಯವೆಂದು ಗಣಿಸುವ ರೂಢಿ ಕರ್ನಾಟಕದ ನ್ಯಾಯಾಲಯಗಳಲ್ಲಿ ಬೇರೂರಿದೆ. ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಮರವೇರಿ ಕೊನೆ ಇಳಿಸುವ, ಮೂವತ್ತು ವಯಸ್ಸಿನ ಕೂಲಿಕಾರನೊಬ್ಬನ ಕಾಲು ಮುರಿದು ಆ ಕಾಲಿಗೆ ಶೇ. 45 ವೈಕಲ್ಯವಾಯಿತೆಂದೂ ಅವನ ತಿಂಗಳ ಗಳಿಕೆ 15,000 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ ಅವನ ವಯಸ್ಸಿಗೆ ಗುಣಕ, ಎಂದರೆ ವರ್ಷದ ನಷ್ಟವನ್ನು ಗುಣಿಸಬೇಕಾದ ಸಂಖ್ಯೆ, 17. ಮೂರನೆಯ ಒಂದು ಭಾಗದ ರೂಢಿಯಂತೆ ಶೇ. 15 ಹಿಡಿದರೆ ನಷ್ಟ 4,59,000 ರೂಪಾಯಿ; ಮರವೇರುವ ಕಾಲಿಲ್ಲದೆ ಅವನ ಗಳಿಕೆಯಲ್ಲಿ ಶೇ. 60 ಹೋಯಿತೆಂದು ಸಾಕ್ಷ್ಯದಿಂದ ಕಂಡುಬಂದರೆ 18,36,000 ರೂಪಾಯಿ. ಭಾಗಾಕಾರ ಸುಲಭ, ವಿಚಾರಣೆ ಕಷ್ಟ. ಆ ಸುಲಭದಾರಿಯ ಬೆಲೆಯನ್ನು ತೆರುವವನು ಮಾತ್ರ ಗಾಯಾಳು. ಸಾವಿನ ಪ್ರಕರಣಗಳಲ್ಲಿ ಮೃತನ ಸ್ವಂತ ಖರ್ಚಿಗೆಂದು ಕಳೆಯುವ ಭಾಗವನ್ನು ಇಲ್ಲಿ ಕಳೆಯುವಂತಿಲ್ಲ.

ಆದಾಯಕ್ಕೆ ದಾಖಲೆ ಇಲ್ಲವೆಂಬ ಆಕ್ಷೇಪವೂ ಬಹುಮಟ್ಟಿಗೆ ಬಲಗುಂದಿದೆ. ಅಪಘಾತದಲ್ಲಿ ಕಾಲು ಕಳೆದುಕೊಂಡ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬನ ಪ್ರಕರಣವನ್ನು 2014ರಲ್ಲಿ ತೀರ್ಮಾನಿಸುತ್ತ, ಅಂಥವನಿಂದ ಲೆಕ್ಕಪತ್ರವನ್ನು ನಿರೀಕ್ಷಿಸಲಾಗದೆಂದು ಹೇಳಿದ ಸುಪ್ರೀಂ ಕೋರ್ಟು, ತಿಂಗಳಿಗೆ 6,500 ರೂಪಾಯಿಯ ಆದಾಯವನ್ನು ಒಪ್ಪಿ, ಗಳಿಕೆಯ ನಷ್ಟವನ್ನು ಶೇ. 85ಕ್ಕೆ ಏರಿಸಿತು. ದಾಖಲೆಯೇ ಇಲ್ಲದೆಡೆ ರಾಜ್ಯದ ನ್ಯಾಯಾಲಯಗಳು ಲೋಕ ಅದಾಲತಿಗೆಂದು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಸಿದ್ಧಪಡಿಸಿದ ವರ್ಷವಾರು ಕಲ್ಪಿತ ಆದಾಯದ ಪಟ್ಟಿಯನ್ನು ಅನುಸರಿಸುವುದುಂಟು. ಮನೆವಾರ್ತೆಯ ಗೃಹಿಣಿಯ ಶ್ರಮಕ್ಕೂ ಕಲ್ಪಿತ ಆದಾಯವನ್ನು ಹಿಡಿಯಬೇಕೆಂಬುದು ಸ್ಥಿರಪಟ್ಟಿದೆ. ಮಕ್ಕಳಿಗೆ, ಕರ್ನಾಟಕದ್ದೇ ಆದ 2013ರ ಪ್ರಕರಣವೊಂದರಲ್ಲಿ, ಶೇ. 10ರವರೆಗಿನ ವೈಕಲ್ಯಕ್ಕೆ 1 ಲಕ್ಷದಿಂದ ಶೇ. 90ಕ್ಕೆ ಮೇಲ್ಪಟ್ಟದ್ದಕ್ಕೆ 6 ಲಕ್ಷದವರೆಗೆ ಮೊತ್ತಗಳು ಸೂಚಿತವಾದುವು; ಅನಂತರದ ತೀರ್ಪುಗಳು ಆ ಮಿತಿಯನ್ನು ದಾಟಿಯೂ ನಡೆದಿವೆ.

ಹಳ್ಳಿಗಾಡಿನ ಗಾಯಾಳು ಎಡವುವುದು ಬಹುಶಃ ಮೊತ್ತದಲ್ಲಲ್ಲ, ವಾಹನದಲ್ಲಿ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿಯೋ ಸರಕಿನ ಟೆಂಪೋದಲ್ಲಿಯೋ ಕುಳಿತು ಮದುವೆಗೆ, ಜಾತ್ರೆಗೆ ಹೊರಟವರು ಬಿದ್ದು ಗಾಯಗೊಂಡರೆ, ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸಿದವರ ಹೊಣೆ ತನ್ನದಲ್ಲವೆಂದು ವಿಮಾ ಕಂಪನಿ ವಾದಿಸುತ್ತದೆ. 2003ರ ಸುಪ್ರೀಂ ಕೋರ್ಟಿನ ತೀರ್ಪು ಆ ವಾದಕ್ಕೆ ಆಧಾರ. ಆಗ ಹೊಣೆ ಮಾಲೀಕನ ಮೇಲೆ ಬಿದ್ದು, ಅವನೂ ಗಾಯಾಳುವಿನಷ್ಟೇ ಬಡವನಾಗಿದ್ದರೆ ತೀರ್ಪು ಕಾಗದದಲ್ಲಿಯೇ ಉಳಿದೀತು. ಕಂಪನಿ ಮೊದಲು ಪಾವತಿಸಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ಕೆಲವು ಪ್ರಕರಣಗಳಲ್ಲಿ ಆದೇಶವಾಗುವುದೂ ಉಂಟು.

ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ವೈಕಲ್ಯವನ್ನು ಪರೀಕ್ಷಿಸಿದ ವೈದ್ಯನ ಸಾಕ್ಷ್ಯ ಇವು ಅರ್ಜಿಯ ಆಧಾರಗಳು. 2022ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕೆಂದು ವಿಧಿಸಿದೆ. ತೀರ್ಪಿನಿಂದ ಅತೃಪ್ತರಾದವರು 90 ದಿನಗಳೊಳಗೆ ಹೈಕೋರ್ಟಿಗೆ, ಎಂದರೆ ದಾವಣಗೆರೆ ಜಿಲ್ಲೆಯವರು ಬೆಂಗಳೂರಿನ ಪ್ರಧಾನ ಪೀಠಕ್ಕೆ, ಮೇಲ್ಮನವಿ ಸಲ್ಲಿಸಬಹುದು.