ಅಲಂಕಾರಗಳನ್ನು ಗುರುತಿಸುವ ಕಲಿಕೆ: ಪುತ್ತಿಗೆ ಪರಿಸರ

ಪುತ್ತಿಗೆ ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ತಾಲೂಕಿನ ಗ್ರಾಮ. ಹಿಂದೆ ಚೌಟ ಅರಸರ ರಾಜಧಾನಿಯಾಗಿತ್ತು. ಈ ಭಾಗದಲ್ಲಿ ಮನೆಮಾತು ಹೆಚ್ಚಾಗಿ ತುಳು, ಜೊತೆಗೆ ಕೊಂಕಣಿ, ಬ್ಯಾರಿ. ಉಪಮೆ, ರೂಪಕ ಎಂಬ ಹೆಸರುಗಳು ಮಕ್ಕಳಿಗೆ ಪರಿಚಯವಾಗುವುದು ಶಾಲೆಯ ಕನ್ನಡ ಪಾಠದಲ್ಲಿ. ಆದರೆ ಹಾಡಿಗೆ ಆಶುಮಾತು ಹೆಣೆಯುವ ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಅಲಂಕಾರವೇನೂ ಹೊಸತಲ್ಲ.

ಕನ್ನಡದಲ್ಲಿ ಅಲಂಕಾರಶಾಸ್ತ್ರದ ಚರ್ಚೆ ಸುಮಾರು 850ರ ‘ಕವಿರಾಜಮಾರ್ಗ’ದಷ್ಟು ಹಳೆಯದು. ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸುವ ಈ ಕೃತಿ ಶಬ್ದಾಲಂಕಾರ, ಅರ್ಥಾಲಂಕಾರಗಳನ್ನು ಬೇರೆಬೇರೆ ಪರಿಚ್ಛೇದಗಳಲ್ಲಿ ವಿವರಿಸುತ್ತದೆ. 12ನೆಯ ಶತಮಾನದಲ್ಲಿ ಎರಡನೆಯ ನಾಗವರ್ಮ ‘ಕಾವ್ಯಾವಲೋಕನ’ ಬರೆದ. ಇಂದಿನ ಪ್ರೌಢಶಾಲೆಯಲ್ಲಿ ಉಳಿದಿರುವುದು ಬೆರಳೆಣಿಕೆಯ ಅಲಂಕಾರಗಳು, ಮತ್ತು ಹೆಸರು, ಲಕ್ಷಣ, ಸಮನ್ವಯ ಎಂಬ ಉತ್ತರದ ಚೌಕಟ್ಟು.

ಉಪಮೆಗೆ ನಾಲ್ಕು ಅಂಗ. ‘ಆಟಿ ತಿಂಗಳ ಮಳೆ ಹಂಚಿನ ಮೇಲೆ ಚೆಂಡೆಯಂತೆ ಮೊರೆಯಿತು’ ಎಂಬಲ್ಲಿ ಮಳೆ ಉಪಮೇಯ, ಚೆಂಡೆ ಉಪಮಾನ, ‘ಅಂತೆ’ ಉಪಮಾವಾಚಕ, ಮೊರೆತ ಸಮಾನಧರ್ಮ. ‘ಮಳೆಯೆಂಬ ಚೆಂಡೆ ಹಂಚಿನ ಮೇಲೆ ಮೊರೆಯಿತು’ ಎಂದರೆ ಎರಡಕ್ಕೂ ಭೇದವಿಲ್ಲ, ಅದು ರೂಪಕ. ‘ಮಾಡಿನ ಮೇಲೆ ಯಾರೋ ಕೂತು ಚೆಂಡೆ ಬಾರಿಸುತ್ತಿದ್ದಾರೋ ಎಂಬಂತೆ ಮಳೆ ಸುರಿಯಿತು’ ಎಂದಾಗ ಅದು ಉತ್ಪ್ರೇಕ್ಷೆ: ಇಲ್ಲದ್ದನ್ನು ಇದೆಯೆಂದು ಊಹಿಸಿದ್ದು. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ‘ಅಂತೆ’ ಕಂಡ ಕೂಡಲೇ ಉಪಮೆ ಎಂದು ಬರೆದುಬಿಡುತ್ತಾರೆ. ‘ನಾಳೆ ರಜೆಯಂತೆ’ ಎಂಬ ವಾಕ್ಯದಲ್ಲೂ ‘ಅಂತೆ’ ಇದೆ, ಅದು ಬರೀ ಸುದ್ದಿ. ‘ಅಣ್ಣನಂತೆ ತಮ್ಮನೂ ಎತ್ತರ’ ಎಂಬುದರಲ್ಲಿ ಹೋಲಿಕೆ ನಿಜ, ಚಮತ್ಕಾರವಿಲ್ಲ. ಅದನ್ನು ಲಾಕ್ಷಣಿಕರು ಅಲಂಕಾರವೆಂದು ಒಪ್ಪುವುದಿಲ್ಲ. ಆದ್ದರಿಂದ ಪ್ರತ್ಯಯ ಹುಡುಕುವುದಕ್ಕಿಂತ, ಹೋಲಿಸಿದ್ದೇ, ಒಂದಾಗಿಸಿದ್ದೇ, ಊಹಿಸಿದ್ದೇ ಎಂದು ಕೇಳಿಕೊಳ್ಳುವುದೇ ಸರಿಯಾದ ದಾರಿ.

ಶ್ಲೇಷೆಯಲ್ಲಿ ಒಂದೇ ಪದ ಎರಡು ಅರ್ಥ ಹೊರುತ್ತದೆ. ‘ಅರಸನ ಕರ ಹಳ್ಳಿಹಳ್ಳಿಗೂ ಚಾಚಿತು’ ಎಂದರೆ ಕೈಯೂ ಹೌದು, ತೆರಿಗೆಯೂ ಹೌದು. ಇದನ್ನು ಕಣ್ಣಿಗೆ ತೋರಿಸಬೇಕಾದರೆ ಮೂಡುಬಿದಿರೆಯ ಚೌಟರ ಅರಮನೆಗೆ ಹೋಗಬಹುದು. ಅಲ್ಲಿನ ಮರದ ಕೆತ್ತನೆಯಲ್ಲಿ ಒಂಬತ್ತು ಸ್ತ್ರೀಯರ ಮೈಗಳು ಹೆಣೆದುಕೊಂಡು ಆನೆಯಾಗಿವೆ, ಐವರು ಕುದುರೆಯಾಗಿದ್ದಾರೆ. ನವನಾರೀಕುಂಜರ, ಪಂಚನಾರೀತುರಗ ಎಂದು ಇವುಗಳ ಹೆಸರು. ಇವನ್ನು ರೂಪಕವೆನ್ನಲು ಮನಸ್ಸಾಗುತ್ತದೆ. ಆದರೆ ಇಲ್ಲಿ ಒಂದರ ಮೇಲೆ ಇನ್ನೊಂದನ್ನು ಆರೋಪಿಸಿಲ್ಲ. ಅದೇ ಗೆರೆ ತೋಳೂ ಹೌದು, ಸೊಂಡಿಲೂ ಹೌದು. ಶ್ಲೇಷೆಗೇ ಇದು ಹತ್ತಿರ.

ದೃಷ್ಟಾಂತ, ಅರ್ಥಾಂತರನ್ಯಾಸಗಳ ಗೊಂದಲವೂ ಸಾಮಾನ್ಯ. ಎರಡು ಸ್ವತಂತ್ರ ಮಾತುಗಳು ಬಿಂಬ–ಪ್ರತಿಬಿಂಬದಂತೆ ನಿಂತರೆ ದೃಷ್ಟಾಂತ. ವಿಶೇಷವನ್ನು ಸಾಮಾನ್ಯವೋ ಸಾಮಾನ್ಯವನ್ನು ವಿಶೇಷವೋ ಸಮರ್ಥಿಸಿದರೆ ಅರ್ಥಾಂತರನ್ಯಾಸ. ಘಟನೆಯೊಂದನ್ನು ಹೇಳಿ ಕೊನೆಗೆ ಗಾದೆ ಸೇರಿಸುವವರೆಲ್ಲ ಸಾಮಾನ್ಯವಾಗಿ ಈ ಎರಡನೆಯದನ್ನು ಬಳಸುತ್ತಾರೆ.

ಅಭ್ಯಾಸಕ್ಕೆ ಊರಿನ ಕವಿಯೇ ಇದ್ದಾನೆ. 16ನೆಯ ಶತಮಾನದ ರತ್ನಾಕರವರ್ಣಿ ಮೂಡುಬಿದಿರೆಯವನು. ಸುಮಾರು 10 ಸಾವಿರ ಪದ್ಯಗಳ ಅವನ ‘ಭರತೇಶ ವೈಭವ’ ಸಾಂಗತ್ಯದಲ್ಲಿದೆ. ಕನ್ನಡಿಗರು, ತೆಲುಗರು, ತುಳುವರು ತಂತಮ್ಮ ಮಾತಿನಲ್ಲೇ ತನ್ನ ಕಾವ್ಯವನ್ನು ಮೆಚ್ಚಬೇಕೆಂದು ಬಯಸಿದವನು. ಹಾಡುಗಬ್ಬದ ಸರಳ ನಡೆಯಿಂದಾಗಿ, ಚಂಪೂಕಾವ್ಯಕ್ಕೆ ಹೆದರುವವರಿಗೂ ಇಲ್ಲಿ ಉಪಮೆ ಸಲೀಸಾಗಿ ಸಿಗುತ್ತದೆ.

ವಕ್ರೋಕ್ತಿಯನ್ನು ಮಾತ್ರ ಪುಸ್ತಕಕ್ಕಿಂತ ತಾಳಮದ್ದಳೆಯಲ್ಲಿ ಚೆನ್ನಾಗಿ ಕಲಿಯಬಹುದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆಶುವಾಗಿ ವಾದಿಸುತ್ತಾರೆ. ಎದುರಾಳಿ ಒಂದರ್ಥದಲ್ಲಿ ಆಡಿದ ಮಾತನ್ನು ಇನ್ನೊಂದರ್ಥಕ್ಕೆ ತಿರುಗಿಸಿ ಉತ್ತರಿಸುವುದು ಶ್ಲೇಷವಕ್ರೋಕ್ತಿ. ಬರಿಯ ಧ್ವನಿಯ ಏರಿಳಿತದಿಂದ ಅರ್ಥವನ್ನು ತಲೆಕೆಳಗು ಮಾಡುವುದು ಕಾಕುವಕ್ರೋಕ್ತಿ. ಹೊಗಳುತ್ತಲೇ ತೆಗಳಿದರೆ ವ್ಯಾಜಸ್ತುತಿ. ಕೃಷ್ಣ–ಕೌರವರ ಸಂವಾದದಲ್ಲಿ ಇದಕ್ಕೆ ಬೇಕಾದಷ್ಟು ಅವಕಾಶ. ಹೆಸರು ಗೊತ್ತಿಲ್ಲದ ಶ್ರೋತೃವೂ ಸರಿಯಾದ ಕ್ಷಣಕ್ಕೆ ನಗುತ್ತಾನೆ. ಅಚ್ಚಿನಲ್ಲಿ ಕಾಕುವನ್ನು ಹಿಡಿಯುವುದು ಕಷ್ಟ. ‘ನೀನು ಬಹಳ ಧರ್ಮಿಷ್ಠ’ ಎಂಬ ವಾಕ್ಯ ಹಾಳೆಯ ಮೇಲೆ ಹೊಗಳಿಕೆಯಾಗಿಯೇ ಉಳಿಯುತ್ತದೆ, ಯಾರು ಯಾರಿಗೆ ಹೇಳಿದರೆಂದು ತಿಳಿಯುವ ತನಕ.