ಜೀರ್ಣೋದ್ಧಾರಕ್ಕೆ ಮೊದಲಿನ ಛಾಯಾಚಿತ್ರ: ಹಂಪೆಯ ಕಲ್ಲುರಥದ ಸಾಕ್ಷ್ಯ

ಶಿಥಿಲವಾದ ಕಟ್ಟಡವನ್ನು ದುರಸ್ತುಪಡಿಸುವುದು ಅದನ್ನು ಉಳಿಸುವ ಕಾರ್ಯವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ದುರಸ್ತಿಯು ಕೆಲವನ್ನು ಉಳಿಸುವುದರೊಡನೆ ಕೆಲವನ್ನು ಅಳಿಸುವುದೂ ಉಂಟು. ಅಳಿದುದು ಯಾವುದೆಂಬುದನ್ನು ಅನಂತರ ಕಟ್ಟಡವೇ ಹೇಳಲಾರದು. ಇದಕ್ಕೆ ಹಂಪೆಯ ವಿಠ್ಠಲ ದೇವಾಲಯದ ಪ್ರಾಕಾರದಲ್ಲಿರುವ ಕಲ್ಲುರಥವು ಉತ್ತಮ ನಿದರ್ಶನವಾಗಿದೆ.

ಇಂದು ನಾವು ಕಾಣುವ ರಥಕ್ಕೆ ಶಿಖರವಿಲ್ಲ. 2017ರಲ್ಲಿ ಹೊರಬಂದ 50 ರೂಪಾಯಿಯ ನೋಟಿನ ಮೇಲೆಯೂ ಅದೇ ರೂಪವಿದೆ. ಆದರೆ 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವು ಜೀರ್ಣಸ್ಥಿತಿಯಲ್ಲಿ ನಿಂತಿರುವುದು ಕಾಣುತ್ತದೆ. ಆ ಶಿಖರವನ್ನು 19ನೆಯ ಶತಮಾನದಲ್ಲಿಯೇ ತೆಗೆದುಹಾಕಲಾಯಿತು.

ಇದು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಈ ರಥವು ವಸ್ತುತಃ ವಿಠ್ಠಲನಿಗೆ ಅಭಿಮುಖವಾದ ಗರುಡನ ಗುಡಿ. ಗೋಡೆಗಳನ್ನು ಕಲ್ಲಿನಿಂದಲೂ ಮೇಲಣ ಶಿಖರವನ್ನು ಇಟ್ಟಿಗೆ ಗಾರೆಗಳಿಂದಲೂ ರಚಿಸುವುದು ವಿಜಯನಗರದ ವಾಸ್ತುವಿನಲ್ಲಿ ರೂಢಿ. ಶಿಖರವು ಹೋದ ಮೇಲೆ ಗುಡಿಯ ಲಕ್ಷಣವು ಮರೆಯಾಗಿ, ರಥದ ಲಕ್ಷಣವೊಂದೇ ನೋಡುವವರ ಕಣ್ಣಿಗೆ ಎದ್ದುಕಾಣುವಂತಾಯಿತು.

ಗ್ರೀನ್‌ಲಾ ಬಳಸಿದುದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದಕ್ಕೆ ದೀರ್ಘಕಾಲದ ಬೆಳಕು ಬೇಕಾಗಿದ್ದಿತು. ನಿಶ್ಚಲವಾದ ಕಟ್ಟಡಕ್ಕೆ ಅದು ಬಾಧಕವಾಗಲಿಲ್ಲ. 1861ರಲ್ಲಿ ಪುರಾತತ್ತ್ವ ಸರ್ವೇಕ್ಷಣವು ಆರಂಭವಾಗುವುದಕ್ಕೆ ಐದು ವರ್ಷ ಮೊದಲೇ ಈ ದಾಖಲೆ ಸಿದ್ಧವಾಯಿತು. 1983ರಲ್ಲಿ ಜಾನ್ ಗೊಲಿಂಗ್ಸ್ ಅದೇ ಸ್ಥಾನಗಳಲ್ಲಿ ನಿಂತು ಪುನಃ ಚಿತ್ರಗಳನ್ನು ತೆಗೆದುದರಿಂದ ಎರಡು ಕಾಲಗಳ ಹಂಪೆಯನ್ನು ಜೊತೆಯಲ್ಲಿಟ್ಟು ಪರೀಕ್ಷಿಸಲು ಸಾಧ್ಯವಾಯಿತು.

ಛಾಯಾಚಿತ್ರದ ಸಾಕ್ಷ್ಯಕ್ಕೆ ಮಿತಿಯೂ ಉಂಟು. ಶಿಖರವು 1856ರಲ್ಲಿ ಇದ್ದಿತೆಂಬುದನ್ನು ಅದು ಸ್ಥಾಪಿಸುತ್ತದೆಯೇ ಹೊರತು, ಅದನ್ನು ಕಟ್ಟಿದ ಕಾಲವನ್ನು ತಿಳಿಸುವುದಿಲ್ಲ. ಕ್ಯಾಮೆರಾಕ್ಕೆ ಮರೆಯಾದ ಪಾರ್ಶ್ವವನ್ನೂ ತೋರಿಸುವುದಿಲ್ಲ. ಆದುದರಿಂದ ಯಾವುದೇ ಹಳೆಯ ಕಟ್ಟಡದ ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಅದರ ಎಲ್ಲ ಪಾರ್ಶ್ವಗಳನ್ನೂ ಅಳತೆಗೋಲನ್ನಿಟ್ಟು ಚಿತ್ರಿಸಿ, ನಿಂತ ಸ್ಥಾನವನ್ನೂ ದಿನಾಂಕವನ್ನೂ ಗುರುತಿಸಿಡುವುದು ಅವಶ್ಯ. ಬಿರುಕು, ಬೇರೂರಿದ ಗಿಡ, ಉದುರಿದ ಗಾರೆ ಇವು ಕೂಡ ಚಿತ್ರದಲ್ಲಿರಬೇಕು. ಇಟ್ಟಿಗೆಯ ಗಾತ್ರವೂ ಹಿಂದಿನ ದುರಸ್ತಿಗಳ ಗುರುತುಗಳೂ ಗೋಚರಿಸುವುದು ಅನೇಕ ವೇಳೆ ಅಲ್ಲಿಯೇ. ನಮ್ಮ ಊರುಗಳ ಗುಡಿ, ಮಸೀದಿ, ವಾಡೆಗಳಲ್ಲಿ ಈ ಕಾರ್ಯವನ್ನು ಕಾಲೇಜಿನ ವಿದ್ಯಾರ್ಥಿಗಳೂ ಮಾಡಬಲ್ಲರು. ಸುಣ್ಣ ಬಳಿದ ಮೇಲೆ ಆ ಅವಕಾಶವು ಮತ್ತೆ ಬಾರದು.